ಅತ್ತೆಯ ಸ್ವಂತ ನಂಬರ್

ಅಳತೆ ಟೇಪು ಸೊಂಟ ಬಳಸಿ ಬಂದು ಕೂಡುವ ಜಾಗದಲ್ಲಿ, ಅಂಕಿಯ ಮೇಲೆ, ಅತ್ತೆಯ ಹೆಬ್ಬೆರಳು ಅಡ್ಡ ಇರುತ್ತಿತ್ತು. ತಾನೊಬ್ಬಳೇ ಬಗ್ಗಿ ಓದಿ ಟೇಪನ್ನು ಸರ್ರನೆ ಎಳೆದುಬಿಡುತ್ತಿದ್ದಳು. ಜೊತೆಗೆ ಬಂದವರು ಕತ್ತು ಚಾಚಿ "ಕಿತನಾ ಹುವಾ?" ಎಂದು ಅಳತೆ ಕೇಳಿದರೆ, "ಬ್ಲೌಸ್ ಆಗುವಷ್ಟು" ಎಂಬುದೇ ಉತ್ತರ.

ಅವಳು ಅಪ್ಪನ ಅಕ್ಕ. ಮದುವೆಯಾಗಿ ಉಡುಪಿ ಕಡೆಯಿಂದ ಮುಂಬೈ ಪಕ್ಕದ ಠಾಣೆ ಊರಿಗೆ ಬಂದವಳು, ಗಂಡ ತೀರಿಕೊಂಡ ಮೇಲೆ ಅಲ್ಲಿನ ಕೋಪರಿಯ ಒಂದು ಕೋಣೆಯ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕಿದಳು. ಮದುವೆಯ ಬ್ಲೌಸಿಗೆ ದೂರದಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಯಾರಾದರೂ ಬಸುರಿಯಾದರೆ ಅವರ ಗಂಡನ ಮನೆಯವರಿಗಿಂತ ಮೊದಲು ಅವಳ ಟೇಪಿಗೆ ತಿಳಿಯುತ್ತಿತ್ತು. ಅವಳ ಬಾಯಿಂದ ಮಾತ್ರ ಅದು ಹೊರಬಿದ್ದದ್ದಿಲ್ಲ.

ನಮ್ಮ ಕುಟುಂಬದಲ್ಲಿ ಯಾರು ಆಸ್ಪತ್ರೆಗೆ ಹೋದರೂ ಬರೆಸುತ್ತಿದ್ದುದು ಅಪ್ಪನ ಮೊಬೈಲ್ ನಂಬರ್. ಅಜ್ಜಿಯದು, ಅಮ್ಮನದು, ನನ್ನದು, ಅತ್ತೆಯದು, ಎಲ್ಲ ಅದರಲ್ಲೇ. ಅದನ್ನು ಜವಾಬ್ದಾರಿ ಎಂದುಕೊಂಡಿದ್ದೆವು. ವಾಶಿಯ ಆಸ್ಪತ್ರೆ ರಿಪೋರ್ಟುಗಳನ್ನು ಆ್ಯಪಿಗೆ ಹಾಕತೊಡಗಿದಾಗ, ಅತ್ತೆ ಮಾಡಿಸಿದ್ದ ಪರೀಕ್ಷೆಯ ರಿಪೋರ್ಟು ಡೊಂಬಿವಲಿಯಲ್ಲಿದ್ದ ಅಪ್ಪನ ಫೋನಿಗೆ ಬಂತು. ಅಪ್ಪನಿಗೆ ಅರ್ಥವಾಗಲಿಲ್ಲ. "ಯಾರಿಗಾದರೂ ತಿಳಿದರೆ ಹೇಳಿ" ಎಂದು ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರು. ಸ್ಮಾರ್ಟ್‌ಫೋನ್ ಇಲ್ಲದ ಅತ್ತೆ ಆ ಗ್ರೂಪಿನಲ್ಲಿರಲಿಲ್ಲ.

ಅಂದು ಸಂಜೆ ನಾನು ಅವಳ ಮನೆಯಲ್ಲಿ ಹುಕ್ಕು ಹೊಲಿದುಕೊಡುತ್ತಿದ್ದೆ. ಸೀವುಡ್ಸ್‌ನಿಂದ ಚಿಕ್ಕಮ್ಮ ಮೋಸಂಬಿ ಚೀಲ ಹಿಡಿದು ಮೆಟ್ಟಿಲಿನಿಂದಲೇ ಅಳುತ್ತಾ ಬಂದರು. ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು.

"ಎಂತ ಮಾರಾಯ್ತಿ, ಯಾರಿಗೆ ಹುಷಾರಿಲ್ಲ?" ಎಂದಳು ಅತ್ತೆ.

"ನಿಮಗೇ ಅಲ್ವಾ ಅಕ್ಕ! ಗ್ರೂಪಲ್ಲಿ ಬಂದಿದೆಯಲ್ಲ..."

ತನ್ನ ಕಾಯಿಲೆ ಅವಳಿಗೆ ತಿಳಿದದ್ದು ಹೀಗೆ. ಮೋಸಂಬಿಯನ್ನು ಒಳಗೆ ತೆಗೆದುಕೊಳ್ಳಲಿಲ್ಲ. "ನನಗಿಂತ ಮೊದಲು ಗೊತ್ತಾದವರೇ ತಿನ್ನಲಿ" ಎಂದಳು.

ಆ ವಾರವೇ ಸುದ್ದಿ ಕೇಳಿದ ಒಬ್ಬ ಮದುಮಗಳ ತಾಯಿ ಬಂದು, ಬ್ಲೌಸಿಗೆ ಕೊಟ್ಟಿದ್ದ ರೇಷ್ಮೆ ಬಟ್ಟೆ ವಾಪಸ್ ಕೇಳಿದಳು. "ಶುಭಕಾರ್ಯ ಹೈ ನಾ ಆಂಟಿ, ಬುರಾ ಮತ್ ಮಾನನಾ," ಬೇಸರ ಮಾಡಿಕೊಳ್ಳಬೇಡಿ ಎಂದಳು. ಅತ್ತೆ ಬಟ್ಟೆಗೆ ಇಸ್ತ್ರಿ ಹಾಕಿ, ಮಡಚಿ ಕೊಟ್ಟಳು. ಆಕೆ ಬೇರೆ ದರ್ಜಿಗೆ ಕೊಡಲು ಮಗಳ ಅಳತೆಯನ್ನೂ ಕೇಳಿದಾಗ ಅತ್ತೆಯ ದನಿ ಬದಲಾಯಿತು. "ಬೇಟಿ ಕೋ ಭೇಜೋ. ಉಸ್ಕಾ ನಾಪ್ ಉಸೀ ಕೋ ದೂಂಗಿ." ಮಗಳ ಅಳತೆ ಮಗಳ ಕೈಗೇ ಎಂಬುದು ಅವಳ ಹಟ.

ಅಪ್ಪ ಬಂದು, ಹೊಲಿಗೆ ನಿಲ್ಲಿಸಿ ನಮ್ಮ ಮನೆಗೆ ಬಂದುಬಿಡು ಎಂದರು. "ಗ್ರೂಪಿಗೆ ಹಾಕಿದ್ದು ಪ್ರೀತಿಯಿಂದಲೇ ಅಕ್ಕ, ಕೆಟ್ಟದ್ದಕ್ಕಲ್ಲ."

"ಪ್ರೀತಿ ಉಂಟಾದರೆ ಎದುರು ಬಂದು ಕೇಳು. ಈಗ ಬ್ಲೌಸ್ ವಾಪಸ್ ಹೋಗ್ತಾ ಉಂಟು. ನಿನ್ನ ಪ್ರೀತಿ ಬಂದು ಹೊಲಿಗೆ ಹಾಕ್ತದಾ?"

ಮರುವಾರ ನನ್ನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ, ನಂಬರ್ ಬದಲಿಸಿ ಎಂದಳು. ಕೌಂಟರಿನ ಹುಡುಗ ಅವಳ ಹಳೆಯ ಗುಂಡಿ ಫೋನು ನೋಡಿ, "ಘರ್ ಕೆ ಕಿಸೀ ಜೆಂಟ್ಸ್ ಕಾ ನಂಬರ್ ರಹನೇ ದೀಜಿಯೇ ಮಾಂಜೀ, ಆಪ್ ಸೇ ಓಟಿಪಿ ನಹೀ ಹೋಗಾ" ಎಂದ. ಓಟಿಪಿ ನಿಮ್ಮಿಂದಾಗದು, ಮನೆಯ ಗಂಡಸರ ನಂಬರೇ ಇರಲಿ ಎಂಬುದು ಅವನ ಸಲಹೆ.

"ಬೀಮಾರಿ ಮೇರೀ, ನಂಬರ್ ಭೀ ಮೇರಾ." ಕಾಯಿಲೆ ನನ್ನದು, ನಂಬರೂ ನನ್ನದೇ ಎಂದಳು ಅತ್ತೆ.

ಹಿಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ನಾನು ಸಂಕೋಚದಿಂದ ಕುಗ್ಗಿಹೋದೆ. ಅವಳು ಕುಗ್ಗಲಿಲ್ಲ. ಓಟಿಪಿ ಬಂದಾಗ ಸಹಾಯಕ್ಕೆಂದು ನಾನು ಬಗ್ಗಿದರೆ, "ನಿನಗೂ ಇಲ್ಲ" ಎಂದು ನಕ್ಕು ಪಕ್ಕಕ್ಕೆ ತಿರುಗಿದಳು.

ಅವಳು ಕೋಪರಿ ಬಿಡಲಿಲ್ಲ, ಹೊಲಿಗೆ ಬಿಡಲಿಲ್ಲ. ಕೆಲವರು ಬರುವುದನ್ನು ನಿಲ್ಲಿಸಿದರು. ಆ ಮದುಮಗಳು ಮಾತ್ರ ತಾಯಿಗೆ ಹೇಳದೆ ಬಂದು, ಆರತಕ್ಷತೆಯ ಬ್ಲೌಸನ್ನು ಅವಳ ಕೈಯಲ್ಲೇ ಹೊಲಿಸಿಕೊಂಡಳು. ಗ್ರೂಪಿಗೆ ಬಂದಿದ್ದ ರಿಪೋರ್ಟನ್ನು ನಾನು ತೆರೆದು ಓದಿರಲಿಲ್ಲ. ಚಿಕಿತ್ಸೆಯ ನಡುವೆ ಒಂದು ಮಧ್ಯಾಹ್ನ ಅತ್ತೆ ಯಂತ್ರ ನಿಲ್ಲಿಸಿ ತಾನಾಗಿಯೇ ನನಗೆ ಕಾಯಿಲೆಯ ಹೆಸರು ಹೇಳಿದಳು. "ವಂಶದಲ್ಲಿ ಬರುವುದುಂಟಂತೆ. ನೀನು ಒಮ್ಮೆ ನೋಡಿಸಿಕೋ. ನಿನಗೆ ಬೇಕಾದ್ದು ಇಷ್ಟು. ಉಳಿದದ್ದು ನಂದು." ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಕಳೆದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಕೊನೆಯ ಸಲ ಆಸ್ಪತ್ರೆಗೆ ಸೇರುವಾಗ ಫೋನನ್ನು ನನ್ನ ಕೈಗೆ ಕೊಟ್ಟಿದ್ದಳು. ಉತ್ತರಕ್ರಿಯೆಯ ಊಟ ಮುಗಿದ ಸಂಜೆ ಚಿಕ್ಕಪ್ಪ ಕೈ ಚಾಚಿದರು. "ಆ ಫೋನು ಕೊಡು. ಓಟಿಪಿ ತರಿಸಿ, ಕೊನೆಗೆ ಎಂತ ಆಗಿತ್ತು ಅಂತ ನೋಡುವ. ಸತ್ತವರಿಗೆ ಎಂತ ಗುಟ್ಟು?"

ಕೋಣೆ ತುಂಬ ನೆಂಟರು. ನನಗೆ ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲ.

"ನಿಮಗೆ ಹೇಳಬೇಕು ಅಂತಿದ್ದರೆ ಅವಳೇ ಹೇಳಿರುತ್ತಿದ್ದಳು. ಕೊಡುವುದಿಲ್ಲ."

"ಓದಿದ ಹುಡುಗಿಯರ ಬಾಯಿ ನೋಡಿ" ಎಂದರು ಚಿಕ್ಕಮ್ಮ. ಅಪ್ಪ ನೆಲ ನೋಡುತ್ತಾ ಕೂತಿದ್ದರು. ನಾನು ಫೋನನ್ನು ಆಫ್ ಮಾಡಿ ಚೀಲದೊಳಗೆ ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕಿ, ಅತ್ತೆ ಹೇಳಿದ್ದ ಪರೀಕ್ಷೆಗೆ ವಾಶಿಗೆ ಹೋದೆ. ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಎದುರು ಅಪ್ಪನ ನಂಬರ್ ಇತ್ತು. ಅದನ್ನು ತೆಗೆಸಿ ನನ್ನದನ್ನು ಹಾಕಿಸಿದೆ. ಆಮೇಲೆ ಪರೀಕ್ಷೆಗೆ ರಕ್ತ ಕೊಡಲು ಅಂಗಿಯ ತೋಳನ್ನು ಮೇಲಕ್ಕೆ ಮಡಚಿದೆ.