ವಿಯೆನ್ ದಂಡೆಯಲ್ಲಿ ಕಾವಲು

ಹೊಳೆಯ ನೀರಿಗೆ ಕಾಲು ಇಳಿಬಿಟ್ಟುಕೊಂಡು ಒಬ್ಬ ಗಂಡಸು ಗಾಢ ನಿದ್ದೆಯಲ್ಲಿದ್ದ. ಮುಖದ ಮೇಲೆ ಹ್ಯಾಟು, ಹೊಟ್ಟೆಯ ಮೇಲೆ ಕೈ. ಫ್ರಾನ್ಸಿಗೆ ಬಂದ ಮೊದಲ ಭಾನುವಾರ ನಾನು ಕಂಡ ನೋಟ ಇದು. ಇವನನ್ನು ಎಬ್ಬಿಸುವ ಹೆಂಡತಿ ಮಕ್ಕಳು ಇಲ್ಲವೇ ಎಂದು ಸುತ್ತ ನೋಡಿದೆ. ಹೆಂಡತಿ ಮಗ್ಗುಲಲ್ಲೇ ಇದ್ದಳು, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು.

ದಾಂಡೇಲಿಯ ಕಾಳಿ ಹೊಳೆಯನ್ನು ಬಲ್ಲವರಿಗೆ ನನ್ನ ಗಾಬರಿ ಅರ್ಥವಾದೀತು. ಅಲ್ಲಿ ಹೊಳೆಯೆಂದರೆ ಮೊಸಳೆ. ಅರಿವೆ ಒಗೆಯಲು ಹೋದ ಹೆಂಗಸರಲ್ಲಿ ಒಬ್ಬಳು ಮಾತ್ರ ಒಗೆಯುತ್ತಿರಲಿಲ್ಲ. ಒಣ ಸೀರೆಯಲ್ಲಿ ನಿಂತು ನೀರು ನೋಡುವುದೇ ಅವಳ ಕೆಲಸ. ಎಲ್ಲರಿಗೂ ಸರದಿ ಬರುತ್ತಿತ್ತು. ಹಳಿಯಾಳದಲ್ಲಿ ಹುಟ್ಟಿ, ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ದಾಂಡೇಲಿಗೆ ಹೋದ ನನಗೆ ನಮ್ಮವರ ಚಿಕ್ಕವ್ವ ಕಲಿಸಿದ ಮೊದಲ ಪಾಠ ಇದು. ನಾನು ನಿಂತಲ್ಲೇ ಏನೋ ಹರಟೆ ತೆಗೆದರೆ, "ನೋಡಾಕ ನಿಂತೀ, ನೋಡು. ಮಾತು ಮನ್ಯಾಗ" ಅನ್ನುತ್ತಿದ್ದರು.

ಅರವತ್ತರ ದಶಕದ ಮೊದಲಿಗೆ ನಮ್ಮವರಿಗೆ ಫ್ರಾನ್ಸಿನ ಒಂದು ಕಾಗದದ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು. ಮಗಳು ನೀಲಾಳಿಗೆ ಆಗ ಐದು ವರ್ಷ. ವಿಯೆನ್ ಎಂಬ ಹೊಳೆಯ ದಂಡೆಗೆ ಮದಾಮ್ ಒದೀಲ್ ಎಂಬ ವಿಧವೆಯ ದೊಡ್ಡ ಕಂಟ್ರಿ ಹೌಸ್ ಇತ್ತು. ಅದರ ಒಂದು ಭಾಗವನ್ನು ಬಾಡಿಗೆಗೆ ಹಿಡಿದೆವು. ಕಾನ್ವೆಂಟಿನ ಮದರ್ ಕಲಿಸಿದ ಫ್ರೆಂಚು ನನಗೆ ಪ್ರಾರ್ಥನೆಗೆ ಸಾಲುತ್ತಿತ್ತು, ಹಾಲಿನವಳ ಜೊತೆ ಜಗಳಕ್ಕೆ ಸಾಲುತ್ತಿರಲಿಲ್ಲ. ಮನೆಯಲ್ಲಿ ಇಡೀ ದಿನ ಒಬ್ಬಳೇ. ಮಾತು ಬೇಕೆನಿಸಿದಾಗ ಮದಾಮ್ ಇರುತ್ತಿದ್ದ ಗಾರ್ಡನ್ನಿಗೆ ಇಳಿಯುತ್ತಿದ್ದೆ.

ಆ ಗಾರ್ಡನ್ನಿನ ಶಿಸ್ತು ನೋಡಬೇಕು. ಪೇರ್ ಗಿಡಗಳನ್ನು ಗೋಡೆಗೊರಗಿಸಿ, ಪನಿಶ್‌ಮೆಂಟಿಗೆ ಕೈ ಚಾಚಿ ನಿಂತ ಹುಡುಗಿಯರ ಹಾಗೆ ಕಟ್ಟಿದ್ದರು. ನಮ್ಮ ಹಿತ್ತಲಿನ ಗೆಣಸನ್ನು ಕಾಡುಹಂದಿ ಅಗೆದು ತಿಂದರೆ, ಇಲ್ಲಿಯ ಲೆಟಿಸ್ ಸೊಪ್ಪಿಗೆ ಶತ್ರು ಬಸವನಹುಳು. ಮಳೆ ನಿಂತೊಡನೆ ಮದಾಮ್ ಬುಟ್ಟಿ ತಂದು ಅವನ್ನು ಆರಿಸುತ್ತಿದ್ದರು. ಆಚೆ ಬಿಸಾಡಲಿಕ್ಕೆ ಎಂದುಕೊಂಡಿದ್ದೆ. ಬೆಳ್ಳುಳ್ಳಿ, ಬೆಣ್ಣೆ ಹಾಕಿ ಬೇಯಿಸಿ ‘ಎಸ್ಕಾರ್ಗೋ’ ಎಂಬ ಚಂದದ ಹೆಸರಿನಿಂದ ತಟ್ಟೆಯಲ್ಲಿಟ್ಟು ನನ್ನ ಮುಂದೆ ಸರಿಸಿದಾಗ ತಿಳಿಯಿತು. ಲಿಂಗ ಕಟ್ಟಿಕೊಂಡ ಮನೆಯವಳು ನಾನು. ಕಾನ್ವೆಂಟಿನ ಮ್ಯಾನರ್ಸ್ ಎಲ್ಲ ಒಟ್ಟುಗೂಡಿಸಿ, ತಲೆನೋವೆಂದು ಎದ್ದುಬಂದೆ.

ಇಷ್ಟೆಲ್ಲ ರೂಢಿಯಾಯಿತು. ಹೊಳೆ ಮಾತ್ರ ಆಗಲಿಲ್ಲ. ಭಾನುವಾರ ಲಾನಿನ ಮೇಲೆ ಬಟ್ಟೆ ಹಾಸಿ ಎಲ್ಲರೂ ಕೂರುತ್ತಿದ್ದರು, ನಾನು ದಂಡೆಗೆ ಹೋಗಿ ನಿಲ್ಲುತ್ತಿದ್ದೆ.

"ಕೂತ್ಕೊಳ್ಳಿ," ಎಂದು ಮದಾಮ್ ಕರೆಯುವರು. "ಈ ಹೊಳೆಯಲ್ಲಿ ಮೀನು ಬಿಟ್ಟರೆ ನನ್ನ ಗಂಡ ಬೀಳಿಸಿಕೊಂಡ ಪೈಪು ಮಾತ್ರ ಇರೋದು." ಕೊನೆಗೆ ನನಗೆ ‘ಎರೋನ್’ ಎಂದು ಹೆಸರಿಟ್ಟರು. ಎರೋನ್ ಎಂದರೆ ಅಲ್ಲಿ ನೀರಂಚಿಗೆ ಅಲ್ಲಾಡದೆ ನಿಲ್ಲುವ ಬೂದು ಕೊಕ್ಕರೆ.

ನಮ್ಮವರಿಗೆ ಅದು ಬಹಳ ಹಿಡಿಸಿತು. "ಕೊಕ್ಕರಿಗೆ ಮೀನರ ಸಿಗತೈತಿ. ನಿನಗೇನ ಸಿಗತೈತಿ?"

ಒಂದು ಸಂಜೆ, ಮದಾಮರ ಮೊಮ್ಮಕ್ಕಳ ಜೊತೆ ನೀಲಾ ಮೊಣಕಾಲು ನೀರಿನಲ್ಲಿದ್ದಳು. ಆಚೆ ದಂಡೆಯ ಹುಲ್ಲಿನಿಂದ ಒಂದು ಕಂದು ತಲೆ ಹೊರಬಿತ್ತು. ಮೂಗು, ಕಣ್ಣು ಮಾತ್ರ ಮೇಲೆ. ಹಿಂದೆ ನೀರು ಸೀಳಿದ ಗೆರೆ. ನೆಟ್ಟಗೆ ಮಕ್ಕಳ ಕಡೆ ಬರುತ್ತಿತ್ತು. ಸೀರೆಯಲ್ಲೇ ನೀರಿಗೆ ಬಿದ್ದೆ. ಕೂಸಿನ ರಟ್ಟೆ ಸಿಕ್ಕಿತು, ಕಾಲು ಜಾರಿತು, ಇಬ್ಬರೂ ಮುಳುಗಿದೆವು. ನಮ್ಮವರು ಎಳೆದು ದಂಡೆಗೆ ಹಾಕಿದಾಗ ಆ ಪ್ರಾಣಿ ಆಚೆ ಕೂತು ಮೀಸೆ ಒರೆಸಿಕೊಳ್ಳುತ್ತಿತ್ತು. ‘ರಾಗೊಂದೆಂ’ ಅಂತೆ, ಬೆಕ್ಕಿನ ಗಾತ್ರದ, ಕಿತ್ತಳೆ ಬಣ್ಣದ ಹಲ್ಲಿನ, ಹುಲ್ಲು ತಿನ್ನುವ ನೀರು ಹೆಗ್ಗಣ.

ಮೊದಲು ಯಾರೂ ನಗಲಿಲ್ಲ, ಆಮೇಲೆ ಎಲ್ಲರೂ ನಕ್ಕರು. ನೀಲಾ ನಗಲಿಲ್ಲ. ಅವಳ ರಟ್ಟೆಯ ಮೇಲೆ ನನ್ನ ಬೆರಳು ಮೂಡಿದ್ದವು. ಮರುದಿನ ಬಾತ್‌ಟಬ್ಬಿನ ನೀರಿಗೂ ಅಂಜಿ ಅತ್ತಳು.

"ಕಾಳಿ ಹೊಳಿ ಇಲ್ಲಿಗ್ಯಾಕ ತಂದೀ?" ಅಂದರು ನಮ್ಮವರು. "ಹುಡುಗಿ ಇಲ್ಲೇ ಬೆಳೀಬೇಕು. ಹಿಂಗ ಅಂಜಿಕೋತ ಬೆಳೀಬೇಕೇನು?"

"ನನಗ ಬರೂದು ಅದೊಂದ ರೀ."

ಕಡೆಗೆ ಮದಾಮ್, ಆ ವಯಸ್ಸಿನಲ್ಲಿ ಕರಿ ಸ್ವಿಮ್ಮಿಂಗ್ ಕಾಸ್ಟ್ಯೂಮ್ ತೊಟ್ಟು, ನೀಲಾಳಿಗೆ ಈಜು ಕಲಿಸಿದರು. ನಾನು ದಂಡೆಯ ಮೇಲೆ ನೀರು ನೋಡುತ್ತ ನಿಂತಿರುತ್ತಿದ್ದೆ. ಮರುಬೇಸಿಗೆಯ ಹೊತ್ತಿಗೆ ನೀಲಾ ಅಂಗಾತ ತೇಲುತ್ತ, ಕಣ್ಣು ಮುಚ್ಚಿ ಹಾಡುತ್ತಿದ್ದಳು. ನೋಡಿ ಸುಖವಾಗುತ್ತಿತ್ತು, ಆದರೂ ದಂಡೆ ಬಿಟ್ಟು ಕದಲುತ್ತಿರಲಿಲ್ಲ.

ಅವಳಿಗೆ ಎಂಟು ತುಂಬಿದಾಗ ರಜೆಗೆ ದಾಂಡೇಲಿಗೆ ಹೋದೆವು. ಚಿಕ್ಕವ್ವನ ಜೊತೆ ಹೊಳೆಗೆ ಹೊರಟೆವು. ದಾರಿಯುದ್ದಕ್ಕೂ ನೀಲಾಳಿಗೆ ಮೊಸಳೆಯ ಮಾತು ಹೇಳಿದ್ದೆ. ರಾಗೊಂದೆಂ ಕಂಡು ನೀರಿಗೆ ಬಿದ್ದ ಅವ್ವನ ಮಾತನ್ನು ಯಾವ ಮಗಳು ನಂಬುತ್ತಾಳೆ? ನಾನು ಅರಿವೆಯ ಗಂಟು ಬಿಚ್ಚುವಷ್ಟರಲ್ಲಿ ಅವಳ ಫ್ರಾಕು ಕಲ್ಲಿನ ಮೇಲಿತ್ತು, ಅವಳು ಎದೆಮಟ್ಟ ನೀರಿನಲ್ಲಿದ್ದಳು.

"ಅವ್ವಾ, ಬಾ. ನೀರು ಬೆಚ್ಚಗೈತಿ."

ಆಚೆ ಮರಳದಿನ್ನೆಯ ಮೇಲೆ ಬಿಸಿಲು ಕಾಯುತ್ತಿದ್ದ ಮೊಸಳೆ ನೀರಿಗೆ ಜಾರಿತು. ಸದ್ದೇ ಇಲ್ಲ. ಕಾವಲಿಗಿದ್ದ ಚಿಕ್ಕವ್ವ, "ಏ ಕೂಸ, ಲಗೂನ ಬಾ ಈ ಕಡೆ" ಎಂದು ಕೂಗಿದರು. ಹೆಂಗಸರು ಕಲ್ಲಿಗೆ ಅರಿವೆ ಬಡಿದು ಸದ್ದು ಮಾಡಿದರು. ನೀಲಾಳಿಗೆ ಅದು ಆಟ. ನಗುತ್ತ ಅಂಗಾತ ತಿರುಗಿ, ಇನ್ನೂ ಒಳಗೆ ತೇಲಿದಳು. ನಾನು ಇಳಿದೆ. ಚಿಕ್ಕವ್ವ ನನ್ನ ಸೆರಗು ಹಿಡಿದರು, ನನ್ನ ಕೈಗೆ ಅವಳ ಜಡೆ ಸಿಕ್ಕಿತು.

ದಂಡೆ ಹತ್ತಿ ತಿರುಗಿದರೆ, ಅವಳು ತೇಲುತ್ತಿದ್ದಲ್ಲೇ ಎರಡು ಕಣ್ಣು ಎದ್ದಿದ್ದವು. ನೀಲಾ ಅವನ್ನು ನೋಡಿದಳು. ಅವು ಮುಳುಗುವವರೆಗೂ ನೋಡಿದಳು.

"ಏನ ಕಲಿಸೀ ಇದಕ?" ಚಿಕ್ಕವ್ವ ನನ್ನ ಸೆರಗು ಇನ್ನೂ ಬಿಟ್ಟಿರಲಿಲ್ಲ. "ಹೊಳಿ ಅಂದ್ರ ಹಾಸಿಗಿ ಅಂದ್ಕೊಂಡೈತಿ."

ವಿಯೆನ್‌ಗೆ ಮರಳಿದ ಮೇಲೆ ಬಂದ ಮೊದಲ ಬಿಸಿಲಿನ ಭಾನುವಾರ ಮದಾಮ್ ನೀರಿನಿಂದ ಕೈ ಬೀಸಿ ಕರೆದರು. ನೀಲಾ ಹೋಗಲಿಲ್ಲ. ಒಣ ಫ್ರಾಕಿನಲ್ಲಿ ನನ್ನ ಮಗ್ಗುಲಿಗೆ ಬಂದು ನಿಂತು, ನೀರು ನೋಡತೊಡಗಿದಳು. ಮಾತಿಲ್ಲ. ಚಿಕ್ಕವ್ವ ಕಂಡಿದ್ದರೆ ಭೇಷ್ ಅನ್ನುತ್ತಿದ್ದರು. ಅಷ್ಟು ವರ್ಷ ನಾನು ಬಯಸಿದ್ದೂ ಇದನ್ನೇ. ಮುಂದಿನ ಭಾನುವಾರವೂ ಹಾಗೇ ನಿಂತಳು. ಅದರ ಮುಂದಿನದೂ.

ಆ ಮೂರನೆಯ ಭಾನುವಾರ ನಾನು ಸೀರೆ ಮೇಲೆತ್ತಿ ಕಟ್ಟಿ ನೀರಿಗೆ ಇಳಿದೆ. ನನಗೆ ಇವತ್ತಿಗೂ ಈಜು ಬರುವುದಿಲ್ಲ. ಸೊಂಟದವರೆಗೆ ಹೋಗಿ, ಅವಳ ಕಡೆ ತಿರುಗಿ ಕೈ ಚಾಚಿದೆ.

"ಬಾ. ಇಲ್ಲೇನೂ ಇಲ್ಲ."

"ನೋಡೀಯೇನು?"

"ನೋಡೀನಿ ಬಾ."

ಇಡೀ ಹೊಳೆ ನನ್ನ ಬೆನ್ನಿಗಿತ್ತು. ಕಾಲ ಕೆಳಗಿನ ತಣ್ಣನೆಯ ಕಲ್ಲು ವಿಯೆನ್‌ನದು, ಬೆನ್ನ ಹಿಂದಿನ ನೀರು ಮಾತ್ರ ಕಾಳಿ. ಒಮ್ಮೆ ತಿರುಗಿ ನೋಡಿದ್ದರೂ ಅವಳು ಅಲ್ಲೇ ನಿಂತುಬಿಡುತ್ತಿದ್ದಳು. ತಿರುಗಲಿಲ್ಲ. ನೀಲಾ ನನ್ನ ಮುಖವನ್ನೇ ನೋಡುತ್ತ ಒಂದು ಕಾಲು ನೀರಿಗಿಟ್ಟಳು, ಆಮೇಲೆ ಇನ್ನೊಂದು.