ರುದ್ರಮ್ಮನ ಕಾರಿಗೆ ಉಪಗ್ರಹ ಸಿಗದ ದಿನ

೨೦೦೯ನೇ ಇಸವಿ. ಚಿತ್ರದುರ್ಗದಲ್ಲಿ ನಾನು ಆಟೋ ಎಲೆಕ್ಟ್ರಿಷಿಯನ್ ಆಗಿ ಅಂಗಡಿ ತೆರೆದು ಹದಿನೇಳು ವರ್ಷವಾಗಿತ್ತು. ನಾನು ಮುಟ್ಟಿದ ವೈರಿಂಗ್ ಮತ್ತೆ ಕೆಡುವುದಿಲ್ಲ ಎಂಬ ಜಂಬವೂ ಅಷ್ಟೇ ಬೆಳೆದಿತ್ತು.

ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಿದ್ದ ಕಂಪನಿಯೊಂದಕ್ಕೆ ಆಗ ಬಾಡಿಗೆ ಕಾರು ಬೇಕಿತ್ತು. ಎಂಜಿನಿಯರುಗಳು ಹೊರಗಿನವರು, ಹಾಗಾಗಿ ಕಾರಿನಲ್ಲಿ ನ್ಯಾವಿಗೇಷನ್ ಇರಲೇಬೇಕೆಂದು ಷರತ್ತು. ಮದಕರಿಪುರದ ರುದ್ರಮ್ಮ ತಾವೇ ಓಡಿಸುತ್ತಿದ್ದ ಹಳೆಯ ವಿದೇಶಿ ಕಾರಿನಲ್ಲಿ ಅದು ಮೊದಲಿನಿಂದಲೂ ಇತ್ತು, ಆದರೆ ನಕ್ಷೆ ಯಾವುದೋ ದೇಶದ್ದು. ಹಳೆ ಯೂನಿಟ್ ತೆಗೆದು, ಭಾರತದ ನಕ್ಷೆಯಿದ್ದ ಹೊಸದನ್ನು ಅದೇ ಜಾಗದಲ್ಲಿ ಕೂರಿಸಿದೆ. ಉಪಗ್ರಹದ ಸಂಕೇತ ಹಿಡಿಯುವ ಆಂಟೆನಾ ಬೆಂಕಿಪೊಟ್ಟಣದಷ್ಟಿತ್ತು; ಅದನ್ನು ಡ್ಯಾಶ್‌ಬೋರ್ಡಿನ ಒಳಗೆ, ಮುಂದಿನ ಗಾಜಿನ ಹತ್ತಿರ ಅಂಟಿಸಿದೆ. ಹೊಳಲ್ಕೆರೆವರೆಗೆ ಓಡಿಸಿ ನೋಡಿದೆವು. ತೆರೆಯ ಮೇಲಿನ ಬಾಣ ನಮ್ಮ ಜೊತೆಗೇ ಬಂತು.

ಎರಡು ದಿನ ಬಿಟ್ಟು ಬೆಳಿಗ್ಗೆ ರುದ್ರಮ್ಮ ಕಾರು ತಂದು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಅವರ ಅತ್ತೆ ಗಂಗಮ್ಮ ಇದ್ದರು.

"ಅಣ್ಣಾ, ಚಿಕ್ಕಜಾಜೂರಿಗೆ ಹೋಗಿ ಬಂದೆ. ಬಾಣ ನಮ್ಮೂರು ಬಿಟ್ಟು ಅಲ್ಲಾಡ್ಲಿಲ್ಲ. ಮಧ್ಯಾಹ್ನ ಎರಡಕ್ಕೆ ಕಂಪನಿಯವರು ಪರೀಕ್ಷೆ ಮಾಡಾಕೆ ಬರ್ತಾರೆ. ಈ ಬಾಡಿಗೆ ಕೈತಪ್ಪಿದ್ರೆ ಕಾರು ಮಾರೋದೇ ಸೈ."

ಎಷ್ಟು ಉಪಗ್ರಹ ಸಿಗುತ್ತಿವೆ ಎಂದು ತೋರಿಸುವ ಪುಟ ತೆಗೆದೆ. ಸೊನ್ನೆ. ಫ್ಯೂಸ್, ಅರ್ತ್ ವೈರ್ ಎಲ್ಲ ಸರಿಯಿದ್ದವು. ಯೂನಿಟ್ ರೀಸೆಟ್ ಮಾಡಿದರೂ ಸೊನ್ನೆ. ಹೊಸ ಆಂಟೆನಾ ತರಿಸಿ ಅದೇ ಜಾಗಕ್ಕೆ ಹಾಕಿದೆ, ಆಗಲೂ ಬದಲಾಗಲಿಲ್ಲ. ಹನ್ನೆರಡು ಗಂಟೆಯಾಯಿತು. ಬೇಸತ್ತು ಆಂಟೆನಾ ಕಿತ್ತು ಬಾನೆಟ್ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಏಳು ಉಪಗ್ರಹ ಸಿಕ್ಕವು.

ಅಂದರೆ ದೋಷ ಸಾಮಾನಿನಲ್ಲಿಲ್ಲ, ಜಾಗದಲ್ಲಿದೆ. ತಲೆಯೆತ್ತಿ ನೋಡಿದೆ. ಹೊಸ ಯೂನಿಟ್ ಬಂದ ಖುಷಿಗೆ ಮನೆಯಲ್ಲಿ ಗಾಡಿ ಪೂಜೆ ಮಾಡಿ, ಗಂಗಮ್ಮ ಅಗಲವಾದ ತಾಮ್ರದ ತಟ್ಟೆಯ ಮೇಲೆ ದೇವರನ್ನು ಕೂರಿಸಿ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದರು, ಸರಿಯಾಗಿ ಆಂಟೆನಾದ ನೆತ್ತಿಯ ಮೇಲೆ. ಲೋಹ ಸಂಕೇತವನ್ನು ಒಳಗೆ ಬಿಡುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೆಳಿಗ್ಗೆ ಚಪ್ಪಲಿ ಬಿಟ್ಟು ಕಾರು ಹತ್ತಿ ಕೈಮುಗಿದಿದ್ದು ಆ ದೇವರಿಗೇ. ಕೈ ತಾಗದಿರಲೆಂದು ಗ್ಲೋವ್ ಬಾಕ್ಸ್ ಬಿಚ್ಚಿ ಕೆಳಗಿನಿಂದ ಕೆಲಸ ಮಾಡಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ತಟ್ಟೆ ತೆಗೆಯಬೇಕು ಎಂದದ್ದೇ ಗಂಗಮ್ಮನ ಮುಖ ಗಂಟಿಕ್ಕಿತು. "ಪೂಜೆ ಮಾಡಿ ಕುಂದ್ರಿಸಿದ ದೇವರನ್ನ ಕೀಳ್ತೀಯೇನಪ್ಪ?"

ರುದ್ರಮ್ಮ ಗಡಿಯಾರ ನೋಡಿದರು.

"ದೇವರು ಅಲ್ಲೇ ಇರ್ಲಿ ಬಿಡ್ರಿ ಅಮ್ಮ," ಎಂದೆ. "ಆಂಟೆನಾಗೆ ಯಾರೂ ಪೂಜೆ ಮಾಡಿಲ್ಲ. ಅದನ್ನೇ ಎಬ್ಬಿಸಾಣ."

ಐದು ಮೀಟರ್ ವೈರನ್ನು ನೆಲಹಾಸಿನ ಅಡಿಯಲ್ಲಿ ಎಳೆದು ಆಂಟೆನಾವನ್ನು ಹಿಂದಿನ ಗಾಜಿಗೆ ಸಾಗಿಸಿದೆ. ಒಂದೂ ಮುಕ್ಕಾಲಿಗೆ ತೆರೆಯಲ್ಲಿ ಎಂಟು ಉಪಗ್ರಹ ಮೂಡಿದವು.

ಬಂದ ಎಂಜಿನಿಯರ್ ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಹತ್ತಿರದ ಒಂದು ಗುಡ್ಡದ ಅಕ್ಷಾಂಶ, ರೇಖಾಂಶ ಕೊಟ್ಟು, ಯಾರನ್ನೂ ದಾರಿ ಕೇಳಕೂಡದು ಎಂದರು. ನಾನೂ ಹಿಂದೆ ಕೂತೆ. ಬಾಣ ಒಂದು ತಿರುವನ್ನೂ ತಪ್ಪಲಿಲ್ಲ. ಗುಡ್ಡದ ಬುಡದಲ್ಲಿ ಇಳಿದ ಎಂಜಿನಿಯರ್, "ನಾಳೆಯಿಂದಲೇ ಬನ್ನಿ" ಎಂದಾಗ ರುದ್ರಮ್ಮ ಸ್ಟೀರಿಂಗ್ ಮೇಲೆ ಹಣೆಯಿಟ್ಟರು. ನನಗಂತೂ ಕುಣಿಯುವಷ್ಟು ಖುಷಿಯಾಗಿತ್ತು.

ಆ ಕಾರು ಮುಂದೆ ಮೂರು ವರ್ಷ ಕಂಪನಿಗೆ ಓಡಿತು. ಅಂದಿನಿಂದ ರಿಪೇರಿಯಾದ ಗಾಡಿ ಮತ್ತೆ ಬಂದರೆ, ನಾನು ಕೊಟ್ಟ ಮೇಲೆ ಏನು ಸೇರಿಸಿದಿರಿ ಎಂದು ಮೊದಲು ಕೇಳುತ್ತೇನೆ. ದೇವರಿಗೆ ಈಗಲೂ ಕೈಮುಗಿಯುತ್ತೇನೆ, ಆದರೆ ಕಣ್ಣು ಬಿಟ್ಟುಕೊಂಡು.