ನಮ್ಮ ಮನೆಯ ಮಣ್ಣಿನ ಮೇಡಮ್ಮು

ದಂಡಿನಶಿವರದ ನಮ್ಮ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಹೆಂಡತಿ ಬಾಯಿಬಿಟ್ಟು ಕೇಳಿದ್ದು ತೋಟದ ಮೂಲೆಯ ಹಳೇ ಶೆಡ್ಡೊಂದನ್ನೇ. ಅಲ್ಲಿ ನಾವು ಕೊಬ್ಬರಿ ಸುಲಿಸುತ್ತಿದ್ದೆವು. ಅವಳು ಮೈಸೂರಿನಲ್ಲಿ ಪಿಂಗಾಣಿ ಕಲೆ ಓದಿದವಳು.

"ಮಣ್ಣು ತುಳಿಯೋಕೆ ಅಷ್ಟೆಲ್ಲ ಓದ್ಬೇಕಿತ್ತೇನವ್ವ?" ಎಂದಳು ನಮ್ಮವ್ವ.

"ಓದಿದ್ಮೇಲೇ ಅತ್ತೆ, ತುಳಿಯೋದೆಷ್ಟು ಕಷ್ಟ ಅಂತ ಗೊತ್ತಾಗಿದ್ದು" ಎಂದು ಅವಳು ನಕ್ಕಳು.

ಇಟ್ಟಿಗೆ ಜೋಡಿಸಿ, ಮಡಕೆ ಸುಡುವ ಆವಿಗೆಯನ್ನು ತಾನೇ ಕಟ್ಟಿದಳು. ನಮ್ಮೂರ ಕೆರೆಮಣ್ಣಿನಲ್ಲಿ ಬಟ್ಟಲು, ಹೂಜಿ ಮಾಡಿ ಒಳಗಿಟ್ಟು, ಸೌದೆ ಜೊತೆ ತೆಂಗಿನ ಚಿಪ್ಪು ಒಟ್ಟಿ ಉರಿ ಹಾಕಿದಳು. ಆವಿಗೆ ತಣ್ಣಗಾದ ಮೇಲೆ ತೆಗೆದು ನೋಡಿದರೆ, ಮಳೆಗಾಲದ ಬೆಲ್ಲದ ಹಾಗೆ ಎಲ್ಲ ಕುಸಿದು ಒಂದಕ್ಕೊಂದು ಅಂಟಿದ್ದವು. ನನಗೆ ಅವಳ ಮುಖ ನೋಡಲು ಧೈರ್ಯ ಬರಲಿಲ್ಲ. ಅವಳೋ ಒಂದು ತುಂಡು ಕಿತ್ತು ಬಿಸಿಲಿಗೆ ಹಿಡಿದಳು.

"ಇಲ್ನೋಡ್ರೀ, ಬೂದಿ ಬಿದ್ದ ಕಡೆ ಹೆಂಗೆ ಹೊಳೀತಿದೆ!"

ಚಿಪ್ಪಿನ ಬೂದಿ ಉರಿಗೆ ಕರಗಿ ಗಾಜಿನಂತೆ ಹತ್ತಿತ್ತು. ಎಳನೀರು ಬುರುಡೆಯ ಹಸಿರು. ಕೆರೆಮಣ್ಣಿಗೆ ಹೆಚ್ಚು ಉರಿ ತಾಳುವ ಬಿಳಿ ಜೇಡಿ ಬೆರೆಸಿದಳು, ಬೂದಿ ಸೋಸಿ ಬಳಿದಳು, ಸುಟ್ಟಳು, ಸರಿಬಾರದ್ದನ್ನು ಒಡೆದಳು. ಆ ಹಸಿರು ಅವಳ ಕೈಗೆ ಪಳಗಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಅವ್ವ, "ಇರ್ಲಿ ಬುಡು, ಅವಳ ಆವಿಗೆಗೆ ಬೇಕು" ಎಂದು ಒಲೆಗೆ ಹಾಕುವ ಚಿಪ್ಪನ್ನೂ ಎತ್ತಿಡತೊಡಗಿದ್ದಳು. ಮುಂದೆ ಬೆಂಗಳೂರಿನ ಪ್ರದರ್ಶನಗಳಲ್ಲಿ ಜನ ಅವಳ ಹೂಜಿಗಳ ಮುಂದೆ ಬಗ್ಗಿ ಬಗ್ಗಿ ಆ ಹಸಿರು ನೋಡುವುದನ್ನು ನಾನೇ ಕಂಡೆ.

ಆದರೆ ನನಗೆ ಅವಳ ಮೇಲೆ ಹೆಚ್ಚು ಹೆಮ್ಮೆ ಉಕ್ಕಿದ್ದು ತಿಪಟೂರಿನಲ್ಲಿ, ಅವಳು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ. ಒಂದು ಸಂಜೆ ಕರೆದುಕೊಂಡು ಬರಲು ಹೋದವನು ಬಾಗಿಲಲ್ಲೇ ನಿಂತೆ. ಮಡಕೆ ತಿರುಗಿಸುವ ತಿಗರಿಯ ಮೇಲೆ ಒಬ್ಬ ಹುಡುಗಿಯ ಬಟ್ಟಲು ಓಲಾಡುತ್ತಿತ್ತು.

"ಮೇಡಂ, ಒಂಚೂರು ಹಿಡೀರಿ, ಬಿದ್ದೋಗುತ್ತೆ!"

ನನ್ನ ಹೆಂಡತಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. "ಬೀಳ್ಲಿ ಬಿಡು. ನಾನು ಮುಟ್ಟಿದ್ರೆ ಅದು ನನ್ನ ಬಟ್ಲಾಗುತ್ತೆ ಕಣಮ್ಮ."

ಬಿದ್ದೇ ಬಿತ್ತು. ಹುಡುಗಿ ಕಣ್ಣೊರೆಸಿಕೊಂಡು, ಮಣ್ಣು ಮುದ್ದೆ ಮಾಡಿ ಮತ್ತೆ ಕೂತಳು. ನಮ್ಮ ಬಸ್ಸು ಹೋಯ್ತು. ಆ ಹುಡುಗಿಯ ಬಟ್ಟಲು ನಿಲ್ಲುವವರೆಗೂ ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ.

ಈಗ ಅವಳು ನಿವೃತ್ತೆ. ಮಣಿಕಟ್ಟು ಸವೆದಿದೆ, ತಿಗರಿ ಬಿಡಿ ಎಂದಿದ್ದಾರೆ ಡಾಕ್ಟರು. ಕೆಲವು ದಿನ ಅವಳು ಶೆಡ್ಡಿನ ಕಡೆ ಸುಳಿಯಲಿಲ್ಲ. ಆಮೇಲೊಂದು ಬೆಳಿಗ್ಗೆ ನೋಡುತ್ತೇನೆ, ಚಾಪೆ ಮೇಲೆ ಕೂತು, ಮಣ್ಣನ್ನು ಕೋಡುಬಳೆ ಹಿಟ್ಟಿನಂತೆ ಹೊಸೆದು, ಸುತ್ತಿನ ಮೇಲೆ ಸುತ್ತಿಟ್ಟು ಗುಡಾಣ ಕಟ್ಟುತ್ತಿದ್ದಾಳೆ.

"ಒಂದ್ಕಡೆ ವಾಲೈತೆ ಕಣೇ" ಎಂದೆ.

"ಹೊಸ ಕೈ ಕಣ್ರೀ, ಈಗಿನ್ನೂ ಕಲೀತಿದೀನಿ" ಎಂದಳು, ತಲೆ ಎತ್ತದೆ.

ಗುಡಾಣದ ಬಾಯಿ ಕಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಬೇಗ ಒಣಗಿ ಬಿರಿಯದಿರಲೆಂದು ನಾನು ಒದ್ದೆ ಗೋಣಿ ತಂದು ಅದಕ್ಕೆ ಹೊದಿಸಿದೆ.